ಮಜ್ಜೆ ಬಿಟ್ಟು ಬಂದ ಎಳೆಯ ಕಣಗಳು

ಬೆಂಗಳೂರಿನ ನಂದಿನಿ ಲೇಔಟ್‌ನ ಯಾವ ದೊಡ್ಡ ರಸ್ತೆ ಹಿಡಿದು ಹೋದರೂ ಮೆಡಿಕಲ್ ಸ್ಟೋರಿನ ಪಕ್ಕದಲ್ಲೋ ಕ್ಲಿನಿಕ್ಕಿನ ಮೇಲ್ಮಹಡಿಯಲ್ಲೋ ಒಂದು ರಕ್ತಪರೀಕ್ಷೆಯ ಲ್ಯಾಬ್ ಸಿಗುತ್ತದೆ. ಮಳೆಗಾಲ ಶುರುವಾಗಿ ಡೆಂಗಿ ಸುದ್ದಿ ಹಬ್ಬಿತೆಂದರೆ ಅಲ್ಲಿ ಬೆಳಿಗ್ಗೆಯಿಂದಲೇ ಜನ. ಲಗ್ಗೆರೆಯ ಕಡೆಯಿಂದ ಬಂದ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು, ಕುರುಬರಹಳ್ಳಿಯ ವಯಸ್ಸಾದವರು, ಪೀಣ್ಯದಲ್ಲಿ ನೈಟ್ ಶಿಫ್ಟ್ ಮುಗಿಸಿ ನೇರ ಬಂದವರು, ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಂದಿರು. ಇವರಲ್ಲಿ ಹೆಚ್ಚಿನವರಿಗೆ ಡಾಕ್ಟರು ಬರೆದುಕೊಟ್ಟಿರುವುದು ಒಂದೇ ಪರೀಕ್ಷೆ, ರಕ್ತಕಣಗಳನ್ನು ಎಣಿಸುವ ಸಿಬಿಸಿ. ನೇರಳೆ ಮುಚ್ಚಳದ ಪುಟ್ಟ ಟ್ಯೂಬಿನಲ್ಲಿ ಎರಡು ಮೂರು ಎಂಎಲ್ ರಕ್ತ ತೆಗೆದರೆ ಸಂಜೆಯೊಳಗೆ ವಾಟ್ಸ್‌ಆ್ಯಪ್‌ಗೆ ರಿಪೋರ್ಟು ಬರುತ್ತದೆ.

ಪ್ಲೇಟ್‌ಲೆಟ್ ಎಷ್ಟಿದೆ ಎಂದು ನೋಡಲು ರಿಪೋರ್ಟು ತೆರೆದವರ ಕಣ್ಣು ಕೆಲವೊಮ್ಮೆ ಬೇರೊಂದು ಸಾಲಿನ ಮೇಲೆ ನಿಲ್ಲುತ್ತದೆ. ‘ಇಮ್ಮೆಚೂರ್ ಗ್ರಾನ್ಯುಲೋಸೈಟ್ಸ್’ ಎಂದಿರುತ್ತದೆ, ಪಕ್ಕದಲ್ಲಿ ದಪ್ಪಕ್ಷರದ ಅಂಕಿ. ಇಲ್ಲವೇ ಕೊನೆಯಲ್ಲಿ ‘ಲೆಫ್ಟ್ ಶಿಫ್ಟ್ ಕಂಡಿದೆ, ಸ್ಮಿಯರ್ ನೋಡುವುದು ಒಳ್ಳೆಯದು’ ಎಂಬ ಷರಾ. ಬಲಿಯದ ಬಿಳಿ ರಕ್ತಕಣ ಎಂದು ಮೊಬೈಲಿನಲ್ಲಿ ಹುಡುಕಿದರೆ ಲುಕೇಮಿಯಾ ಎಂಬ ಹೆಸರು ಬರಲು ತಡವಾಗುವುದಿಲ್ಲ. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮಾರನೆಯ ದಿನ ಡಾಕ್ಟರ ಮುಂದೆ ಕುರ್ಚಿಯಲ್ಲಿ ಕೂರುವ ಮೊದಲೇ ಬರುವ ಪ್ರಶ್ನೆ: “ಸಾರ್, ಇದು ಬ್ಲಡ್ ಕ್ಯಾನ್ಸರಾ?”

ಬಹಳಷ್ಟು ಸಲ ಅಲ್ಲ. ಬಲಿಯದ ಬಿಳಿ ಕಣಗಳು ನನ್ನ, ನಿಮ್ಮ, ಎಲ್ಲರ ಮೂಳೆಯೊಳಗೂ ಈ ಹೊತ್ತಿನಲ್ಲಿ ಕೋಟಿಗಟ್ಟಲೆ ಇವೆ. ಅವು ಇರುವುದರಿಂದಲೇ ನಾವು ಬದುಕಿದ್ದೇವೆ. ರಕ್ತದಲ್ಲಿ ಅವು ಕಂಡಾಗ ತಿಳಿಯಬೇಕಾದದ್ದು ಮೂರು ಸಂಗತಿ: ಅವು ಬೆಳವಣಿಗೆಯ ಯಾವ ಹಂತದಲ್ಲಿವೆ, ಅವುಗಳ ಜೊತೆಗೆ ಇನ್ನಾರಿದ್ದಾರೆ, ಮುಂದಕ್ಕೆ ಬೆಳೆಯುವ ಶಕ್ತಿ ಅವಕ್ಕೆ ಉಳಿದಿದೆಯೇ ಇಲ್ಲವೇ. ಭಯಪಡಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಅಲ್ಲಿ. ಅದನ್ನು ಅರಿಯಲು ಕಣ ಹುಟ್ಟುವ ಜಾಗಕ್ಕೇ ಹೋಗಬೇಕು.

ಮಾಂಸದ ಸಾರಿನಲ್ಲಿ ನಲ್ಲಿಮೂಳೆ ಸಿಕ್ಕರೆ ಅದರೊಳಗಿನ ಮೆತ್ತನೆಯ ತಿರುಳನ್ನು ಹೀರಿ ತಿನ್ನುತ್ತೇವಲ್ಲ, ಅದೇ ಮಜ್ಜೆ. ಆದರೆ ಬೆಳೆದ ಪ್ರಾಣಿಯ ಕಾಲಿನ ಉದ್ದ ಮೂಳೆಯ ನಡುಭಾಗದಲ್ಲಿರುವುದು ಹೆಚ್ಚಾಗಿ ಹಳದಿ ಮಜ್ಜೆ, ಅಂದರೆ ಕೊಬ್ಬು. ರಕ್ತ ತಯಾರಾಗುವುದು ಕೆಂಪು ಮಜ್ಜೆಯಲ್ಲಿ. ಹುಟ್ಟಿದ ಮಗುವಿನ ಎಲ್ಲ ಮೂಳೆಗಳಲ್ಲೂ ಕೆಂಪು ಮಜ್ಜೆಯೇ ತುಂಬಿರುತ್ತದೆ. ದೊಡ್ಡವರಾಗುತ್ತ ಅದು ಸೊಂಟದ ಮೂಳೆ, ಬೆನ್ನೆಲುಬು, ಎದೆಮೂಳೆ, ಪಕ್ಕೆಲುಬು, ತಲೆಬುರುಡೆ, ತೊಡೆ ಮತ್ತು ತೋಳಿನ ಮೂಳೆಗಳ ಮೇಲ್ತುದಿ ಇಷ್ಟಕ್ಕೆ ಸರಿಯುತ್ತದೆ. ಎಲ್ಲ ಸೇರಿ ತೂಗಿದರೆ ಸುಮಾರು ಒಂದು ಕಿಲೋ. ರಕ್ತ ಹುಟ್ಟುವುದು ಇಲ್ಲೇ ಎಂದು 1868ರಲ್ಲಿ ಕೋನಿಗ್ಸ್‌ಬರ್ಗ್‌ನ ಅರ್ನ್‌ಸ್ಟ್ ನಾಯ್ಮನ್ ಹೇಳಿದಾಗ ಹಲವರು ಒಪ್ಪಲಿಲ್ಲ. ಇಟಲಿಯಲ್ಲಿ ಜೂಲಿಯೊ ಬಿಟ್ಜೊಜೆರೊ ಅದೇ ವರ್ಷ ತಾನಾಗಿಯೇ ಅದೇ ತೀರ್ಮಾನಕ್ಕೆ ಬಂದಿದ್ದ.

ಮಜ್ಜೆಯ ತಳದಲ್ಲಿರುವುದು ಆಕರಕೋಶ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲಕ್ಕೂ ಮೂಲ ಅದೇ. ಅಂಥ ಕೋಶಗಳಿವೆ ಎಂಬುದನ್ನು 1961ರಲ್ಲಿ ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕ್ಕುಲಕ್ ಇಲಿಗಳಲ್ಲಿ ಪ್ರಯೋಗ ಮಾಡಿ ತೋರಿಸಿದರು. ಬಿಳಿ ಕಣಗಳಲ್ಲಿ ಹಲವು ಜಾತಿಗಳಿವೆ, ಒಂದೊಂದರದ್ದು ಒಂದೊಂದು ದಾರಿ. ಟಿ ಲಿಂಫೋಸೈಟ್‌ಗಳಂತೂ ಮಜ್ಜೆಯಲ್ಲಿ ಹುಟ್ಟಿ ಎದೆಯೊಳಗಿನ ಥೈಮಸ್ ಗ್ರಂಥಿಗೆ ಹೋಗಿ ಬೆಳೆಯುತ್ತವೆ. ಇಲ್ಲಿ ನಾನು ಹಿಡಿಯುವುದು ನ್ಯೂಟ್ರೋಫಿಲ್‌ನ ಜಾಡನ್ನು. ದೊಡ್ಡವರ ರಕ್ತದಲ್ಲಿ ಸಂಖ್ಯೆಯಲ್ಲಿ ಮುಂದಿರುವ ಬಿಳಿ ಕಣ ಅದು. ಬ್ಯಾಕ್ಟೀರಿಯ ಒಳನುಗ್ಗಿದ ಕಡೆ ಮೊದಲು ಹೋಗಿ ನುಂಗುವುದೂ ಅದೇ. ಆರೋಗ್ಯವಂತರ ಮಜ್ಜೆ ಒಂದು ದಿನಕ್ಕೆ ತಯಾರಿಸುವ ನ್ಯೂಟ್ರೋಫಿಲ್‌ಗಳು ಸುಮಾರು 10,000 ಕೋಟಿ. ರಕ್ತಕ್ಕೆ ಇಳಿದ ಮೇಲೆ ಅವು ಅಲ್ಲಿರುವುದು ಗಂಟೆಗಳ ಲೆಕ್ಕದಲ್ಲಿ. ಬೆಳೆಯಲು ಮಾತ್ರ ಹತ್ತು ಹನ್ನೆರಡು ದಿನ ಬೇಕು.

ಆ ಹತ್ತು ಹನ್ನೆರಡು ದಿನದ ಬದಲಾವಣೆಯನ್ನು ಕಣ್ಣಿಗೆ ತಂದುಕೊಡುವುದು ಗಾಜಿನ ಪಟ್ಟಿಯ ಮೇಲಿನ ಒಂದು ಹನಿ. ಮೆಷಿನ್ ಎಚ್ಚರಿಕೆ ಕೊಟ್ಟ ಟ್ಯೂಬನ್ನು ಟೆಕ್ನೀಶಿಯನ್ ಬದಿಗೆ ತೆಗೆದಿಟ್ಟು, ಸ್ಲೈಡಿನ ಒಂದು ತುದಿಯಲ್ಲಿ ಹನಿ ಹಾಕಿ, ಇನ್ನೊಂದು ಸ್ಲೈಡಿನ ಅಂಚನ್ನು ಓರೆಯಾಗಿ ತಾಗಿಸಿ ಒಂದೇ ಎಳೆತಕ್ಕೆ ಮುಂದೆ ಜಾರಿಸುತ್ತಾರೆ. ಇದೇ ಸ್ಮಿಯರ್. ಕೈ ನಡುಗಿದರೆ ಪದರ ಅಲೆಅಲೆಯಾಗುತ್ತದೆ, ನಿಧಾನಿಸಿದರೆ ದೊಡ್ಡ ಬಿಳಿ ಕಣಗಳೆಲ್ಲ ತುದಿಗೆ ಹೋಗಿ ಸೇರುತ್ತವೆ. ಒಣಗಿದ ಮೇಲೆ ಲೀಶ್ಮನ್ ಬಣ್ಣ. ಭಾರತದಲ್ಲಿ ಕೆಲಸ ಮಾಡಿದ್ದ ಬ್ರಿಟಿಷ್ ಸೇನಾ ವೈದ್ಯ ವಿಲಿಯಂ ಲೀಶ್ಮನ್ 1901ರಲ್ಲಿ ಪ್ರಕಟಿಸಿದ ಮಿಶ್ರಣ. ನಮ್ಮ ಲ್ಯಾಬುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಹಾಕಿ, ಬಫರ್ ನೀರು ಬೆರೆಸಿ, ಕಾದು, ತೊಳೆದರೆ ಕೋಶಕೇಂದ್ರಗಳು ನೇರಳೆಗೆ ತಿರುಗಿರುತ್ತವೆ, ಸುತ್ತಲಿನ ದ್ರವ್ಯ ನಸುಗುಲಾಬಿಗೋ ನೀಲಿಗೋ.

ರಾಮನಗರ, ಕೋಲಾರದ ಕಡೆ ರೇಷ್ಮೆ ಸಾಕುವವರು ಹುಳುವಿನ ಗಾತ್ರ, ಬಣ್ಣ, ತಲೆ ಎತ್ತಿ ಕೂತ ಭಂಗಿ ನೋಡಿಯೇ ‘ಎರಡನೇ ಜ್ವರಕ್ಕೆ ಕೂತಿದೆ’, ‘ನಾಲ್ಕನೇ ಜ್ವರ ಎದ್ದಿದೆ’ ಎಂದು ಹೇಳಿಬಿಡುತ್ತಾರೆ; ಹುಳು ಪೊರೆ ಕಳಚುವುದಕ್ಕೆ ಅವರ ಮಾತಿನಲ್ಲಿ ಜ್ವರ ಎಂದು ಹೆಸರು. ಪಳಗಿದ ಪೆಥಾಲಜಿಸ್ಟ್ ಕಣದ ವಯಸ್ಸನ್ನು ಗುರುತಿಸುವುದೂ ಹಾಗೆಯೇ, ರೂಪ ನೋಡಿ. ಎಲ್ಲಕ್ಕಿಂತ ಎಳೆಯದು ಮೈಲೋಬ್ಲಾಸ್ಟ್. ಕೆಂಪು ಕಣದ ಎರಡರಷ್ಟು ಅಗಲ, 15ರಿಂದ 20 ಮೈಕ್ರಾನ್. ಕೋಶಕೇಂದ್ರವೇ ಮೈಯೆಲ್ಲ ತುಂಬಿಕೊಂಡು ಅಂಚಿನಲ್ಲಿ ನೀಲಿಯ ಒಂದು ತೆಳು ಪಟ್ಟಿ ಉಳಿದಿರುತ್ತದೆ. ಕೋಶಕೇಂದ್ರದೊಳಗೆ ಎರಡರಿಂದ ಐದು ತಿಳಿ ಚುಕ್ಕೆಗಳು. ಪ್ರೋಟೀನು ತಯಾರಿಕೆ ಜೋರಾಗಿ ನಡೆದಿದೆ ಎಂಬುದಕ್ಕೆ ಆ ಚುಕ್ಕೆಗಳೂ ಆ ನೀಲಿಯೂ ಗುರುತು. ಅಸ್ತ್ರಗಳಿನ್ನೂ ಒಂದೂ ಇಲ್ಲ.

ಮುಂದಿನದು ಪ್ರೋಮೈಲೋಸೈಟ್. ಇದು ಬ್ಲಾಸ್ಟ್‌ಗಿಂತಲೂ ದೊಡ್ಡದಾಗಿರಬಹುದು, ಮೈತುಂಬ ಕೆನ್ನೇರಳೆ ಹರಳುಗಳು. ಈ ಹರಳುಗಳಲ್ಲಿ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಇರುತ್ತದೆ. ನುಂಗಿದ ಬ್ಯಾಕ್ಟೀರಿಯವನ್ನು ಕೊಲ್ಲಲು ನ್ಯೂಟ್ರೋಫಿಲ್ ಹೈಪೋಕ್ಲೋರಸ್ ಆಮ್ಲವನ್ನು ತಯಾರಿಸುತ್ತದೆ; ಅದಕ್ಕೆ ಈ ಕಿಣ್ವ ಬೇಕು. ಸ್ವೀಡನ್ನಿನ ಷೆಲ್ ಆಗ್ನರ್ 1941ರಲ್ಲಿ ಕೀವಿನಿಂದ ಇದನ್ನು ಬೇರ್ಪಡಿಸಿದಾಗ ಅದು ಹಸಿರಾಗಿತ್ತು. ಗಾಯ ಕೀವುಗಟ್ಟಿದಾಗ ಕಾಣುವ ಹಸಿರು ಛಾಯೆ ಬಹುಮಟ್ಟಿಗೆ ಇದರದ್ದೇ. ಕಾಲಿನ ಕುರುವಿನಲ್ಲಿ ಇಂದು ಕಾಣುವ ಬಣ್ಣವನ್ನು ಸೊಂಟದ ಮೂಳೆಯೊಳಗೆ ಒಂದು ಪ್ರೋಮೈಲೋಸೈಟ್ ವಾರದ ಹಿಂದೆಯೇ ತಯಾರಿಸಿಟ್ಟಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಮೈಲೋಸೈಟ್ ಹಂತದಲ್ಲಿ ಆ ಹರಳುಗಳ ತಯಾರಿ ನಿಂತು ಬೇರೆ ಬಗೆಯ, ಇನ್ನೂ ಸಣ್ಣ ಗುಲಾಬಿ ಹರಳುಗಳು ಶುರುವಾಗುತ್ತವೆ. ಕೋಶ ವಿಭಜನೆಗೊಳ್ಳುವುದು ಇಲ್ಲಿಗೆ ಕೊನೆ. ಆಮೇಲೆ ನಡೆಯುವುದು ಬರೀ ಮಾಗುವ ಕೆಲಸ. ದುಂಡಗಿದ್ದ ಕೋಶಕೇಂದ್ರ ಒಂದು ಬದಿ ಒಳಸರಿದು ಮೂತ್ರಪಿಂಡದ ಆಕಾರಕ್ಕೆ ಬಂದರೆ ಮೆಟಾಮೈಲೋಸೈಟ್, ಬಾಗಿದ ಪಟ್ಟಿಯಾದರೆ ಬ್ಯಾಂಡ್, ತೆಳು ಎಳೆಗಳಿಂದ ಜೋಡಿಸಿದ ಎರಡರಿಂದ ಐದು ಹಾಲೆಗಳಾದರೆ ಪೂರ್ತಿ ಬಲಿತ ನ್ಯೂಟ್ರೋಫಿಲ್. ಈ ಹಾಲೆಗಳಿಂದ ಪ್ರಯೋಜನವೂ ಉಂಟು. ಎಳೆಯ ಕಣ ದಪ್ಪ, ಗಡಸು. ರಕ್ತನಾಳದ ಗೋಡೆಯ ಇಕ್ಕಟ್ಟಿನಲ್ಲಿ ನುಸುಳಲು ಅದಕ್ಕೆ ಕಷ್ಟ. ಹಾಲೆಹಾಲೆಯಾದ ಕೋಶಕೇಂದ್ರದ ಕಣ ಬಳುಕಿ ಹಾದುಹೋಗುತ್ತದೆ.

ಎಳೆಯವು ಒಳಗೇ ನಿಲ್ಲುವುದಕ್ಕೆ ಗಾತ್ರವೊಂದೇ ಕಾರಣವಲ್ಲ. ಮಜ್ಜೆಯ ಆಧಾರಕೋಶಗಳು ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನನ್ನು ಸ್ರವಿಸುತ್ತಿರುತ್ತವೆ. ಎಳೆಯ ಕಣದ ಮೈಮೇಲೆ ಅದನ್ನು ಹಿಡಿಯುವ ಗ್ರಾಹಕಗಳು ಹೇರಳ. ಆ ಹಿಡಿತ ಇರುವವರೆಗೆ ಕಣ ಮಜ್ಜೆ ಬಿಡುವುದಿಲ್ಲ. ಬಲಿಯುತ್ತ ಗ್ರಾಹಕಗಳು ಕಡಿಮೆಯಾಗುತ್ತವೆ, ಹಿಡಿತ ಸಡಿಲುತ್ತದೆ. ಸಿದ್ಧವಾದ ನ್ಯೂಟ್ರೋಫಿಲ್‌ಗಳ ದೊಡ್ಡ ದಾಸ್ತಾನು ಮಜ್ಜೆಯಲ್ಲೇ ಇರುತ್ತದೆ, ರಕ್ತದಲ್ಲಿ ಓಡಾಡುವ ಸಂಖ್ಯೆಗಿಂತ ಎಷ್ಟೋ ಪಟ್ಟು ಹೆಚ್ಚು.

ಈಗ ನ್ಯುಮೋನಿಯಾ ಆಯಿತೆನ್ನಿ, ಅಥವಾ ಅಪೆಂಡಿಕ್ಸ್ ಒಡೆಯಿತೆನ್ನಿ. ಸೋಂಕಿನ ಸುಳಿವು ಸಿಕ್ಕ ಕೂಡಲೇ ದೇಹದಲ್ಲಿ ಜಿ-ಸಿಎಸ್‌ಎಫ್ ಎಂಬ ಹಾರ್ಮೋನು ಏರುತ್ತದೆ. ಅದು ಮಜ್ಜೆಯ ಸಿಎಕ್ಸ್‌ಸಿಎಲ್12 ಅನ್ನು ತಗ್ಗಿಸುತ್ತದೆ, ದಾಸ್ತಾನು ಹೊರಬೀಳುತ್ತದೆ. ಅದೂ ಸಾಲದಾದಾಗ ಬ್ಯಾಂಡ್‌ಗಳು, ಅವುಗಳ ಹಿಂದೆ ಮೆಟಾಮೈಲೋಸೈಟ್‌ಗಳು, ಕೆಲವು ಮೈಲೋಸೈಟ್‌ಗಳೂ ಇಳಿದುಬರುತ್ತವೆ. ಇದೇ ಲೆಫ್ಟ್ ಶಿಫ್ಟ್. 1904ರಲ್ಲಿ ಜರ್ಮನಿಯ ಯೋಸೆಫ್ ಆರ್ನೆತ್ ನ್ಯೂಟ್ರೋಫಿಲ್‌ಗಳನ್ನು ಹಾಲೆಗಳ ಲೆಕ್ಕದಲ್ಲಿ ಕೋಷ್ಟಕವಾಗಿ ಬರೆದ. ಎಳೆಯವು ಎಡಗಡೆಯ ಅಂಕಣದಲ್ಲಿದ್ದವು. ಸೋಂಕಾದಾಗ ಸಂಖ್ಯೆಗಳು ಎಡಕ್ಕೆ ಸರಿಯುತ್ತಿದ್ದವು. ನಂದಿನಿ ಲೇಔಟ್‌ನ ರಿಪೋರ್ಟಿನಲ್ಲಿ ಬರುವ ಆ ಷರಾ ನೂರು ವರ್ಷ ದಾಟಿದ ಅದೇ ಕೋಷ್ಟಕದ್ದು.

ಇಂಥ ಸ್ಮಿಯರ್‌ನಲ್ಲಿ ಸೋಂಕಿನ ಇತರ ಗುರುತುಗಳೂ ಇರುತ್ತವೆ. ಹರಳುಗಳು ಎಂದಿಗಿಂತ ಒರಟು, ಕಪ್ಪು. ಕಣದ ಅಂಚಿನಲ್ಲಿ ತಿಳಿನೀಲಿ ಕಲೆಗಳು. ಅವಸರದಲ್ಲಿ ಬೆಳೆದದ್ದರ ಗುರುತು ಇವು. ಸೋಂಕೇ ಇಲ್ಲದೆಯೂ ಎಳೆಯ ಕಣಗಳು ಹೊರಬರುವುದುಂಟು. ಬಸುರಿಯರ ರಕ್ತದಲ್ಲಿ ಒಂದಷ್ಟು ಮೈಲೋಸೈಟ್‌ಗಳು ಸಹಜ, ಹಸುಗೂಸುಗಳಲ್ಲೂ ಅಷ್ಟೇ. ಉಬ್ಬಸಕ್ಕೋ ಮಂಡಿನೋವಿಗೋ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಬಿಟ್ಟುಕೊಂಡು ಬಿಳಿ ಕಣದ ಎಣಿಕೆಯೇ ಏರುತ್ತದೆ. ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಡಾಕ್ಟರು ಕೇಳಿದಾಗ ಪೂರ್ತಿ ಹೇಳಬೇಕಾದದ್ದು ಇದಕ್ಕೇ. ಡೆಂಗಿಯಲ್ಲಿ ನಡೆಯುವುದು ಬೇರೆ ಕಥೆ. ಅಲ್ಲಿ ಬಿಳಿ ಕಣದ ಎಣಿಕೆ ಇಳಿಯುತ್ತದೆ, ದೊಡ್ಡ ಮೈಯ ಕಡುನೀಲಿ ಅಂಚಿನ ಲಿಂಫೋಸೈಟ್‌ಗಳು ಕಾಣುತ್ತವೆ. ಅನುಭವವಿಲ್ಲದ ಕಣ್ಣು ಅವನ್ನು ಬ್ಲಾಸ್ಟ್ ಎಂದುಕೊಳ್ಳಬಹುದು. ಅವು ವೈರಸ್ಸಿಗೆ ಪ್ರತಿಕ್ರಿಯಿಸಿ ಉಬ್ಬಿದ, ಬಲಿತ ಕಣಗಳು. ಮೆಷಿನ್ ಎಚ್ಚರಿಸಬಲ್ಲದು, ಕೊನೆಯ ಮಾತು ಸೂಕ್ಷ್ಮದರ್ಶಕದ ಮುಂದೆ ಕೂತವರದ್ದು. ನಮ್ಮ ಬಡಾವಣೆಯ ಲ್ಯಾಬುಗಳಲ್ಲಿ ಆ ಕಣ್ಣಿಗೆ ಇನ್ನೂ ಹೆಚ್ಚು ಬೆಲೆ ಕೊಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ನಿಜವಾಗಿಯೂ ಕ್ಯಾನ್ಸರ್ ಆದಾಗ ಸ್ಲೈಡಿನಲ್ಲಿ ಏನು ಕಾಣುತ್ತದೆ?

ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದರಲ್ಲಿ ಬಿಳಿ ಕಣಗಳು ಕಿಕ್ಕಿರಿದಿವೆ. ಸಹಜವಾಗಿ ಒಂದು ಮೈಕ್ರೋಲೀಟರಿಗೆ 4,000ದಿಂದ 11,000 ಇರಬೇಕಾದವು ಲಕ್ಷ ದಾಟಿವೆ. ಮೈಲೋಬ್ಲಾಸ್ಟ್‌ನಿಂದ ಹಿಡಿದು ಬಲಿತ ನ್ಯೂಟ್ರೋಫಿಲ್‌ವರೆಗೆ ಎಲ್ಲ ಹಂತಗಳೂ ಹಾಜರಿವೆ, ಬೇಸೋಫಿಲ್ ಎಂಬ ಇನ್ನೊಂದು ಜಾತಿಯ ಬಿಳಿ ಕಣಗಳೂ ಹೆಚ್ಚಿವೆ. ರೋಗಿ ಎಡಪಕ್ಕೆಯ ಕೆಳಗೆ ಭಾರ ಎಂದಿರುತ್ತಾರೆ, ಗುಲ್ಮ ಊದಿದೆ. ಇದು ಸಿಎಂಎಲ್, ನಿಧಾನವಾಗಿ ಬೆಳೆಯುವ ಲುಕೇಮಿಯಾ. ಇಲ್ಲಿ ಕಣಗಳು ಬಲಿಯುವುದನ್ನು ಮರೆತಿಲ್ಲ, ಹುಟ್ಟುವುದನ್ನು ನಿಲ್ಲಿಸಲು ಮರೆತಿವೆ. ಇನ್ನೊಂದು ಚಿತ್ರದಲ್ಲಿ ಬ್ಲಾಸ್ಟ್‌ಗಳೇ ತುಂಬಿವೆ, ಅಲ್ಲೊಂದು ಇಲ್ಲೊಂದು ಬಲಿತ ನ್ಯೂಟ್ರೋಫಿಲ್ ಉಳಿದಿದೆ, ನಡುವಿನ ಹಂತಗಳು ಕಾಣೆಯಾಗಿವೆ. ಕೆಂಪು ಕಣ, ಪ್ಲೇಟ್‌ಲೆಟ್ ಎರಡೂ ಕುಸಿದಿವೆ. ಇದು ಎಎಂಎಲ್, ದಿನಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಡುವ ಲುಕೇಮಿಯಾ. ಇಲ್ಲಿ ಬೆಳವಣಿಗೆಯ ದಾರಿ ಕಡಿದುಹೋಗಿದೆ.

ಅನುಮಾನ ಬಂದರೆ ಮುಂದಿನ ಹೆಜ್ಜೆ ಮಜ್ಜೆಯ ಪರೀಕ್ಷೆ. ನಂದಿನಿ ಲೇಔಟ್‌ನವರು ಅದಕ್ಕಾಗಿ ಊರಿನ ಇನ್ನೊಂದು ಮಗ್ಗುಲಿಗೆ, ನಿಮ್ಹಾನ್ಸ್ ಪಕ್ಕದ ಕಿದ್ವಾಯಿಗೆ ಹೋಗುವುದುಂಟು. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾದದ್ದು 1973ರಲ್ಲಿ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ರಾಜ್ಯದ ಎಲ್ಲ ಜಿಲ್ಲೆಗಳ ಜನ ಅಲ್ಲಿ ಕಾಣುತ್ತಾರೆ. ಪರೀಕ್ಷೆ ಎಂದರೆ ಜನರಿಗಿರುವ ಅಂಜಿಕೆ ದೊಡ್ಡದು, ಬೆನ್ನುಹುರಿಗೆ ಸೂಜಿ ಹಾಕುತ್ತಾರೆಂಬ ತಪ್ಪು ಗ್ರಹಿಕೆ. ಬೆನ್ನುಹುರಿಗೆ ಸಂಬಂಧವೇ ಇಲ್ಲ. ಮಗ್ಗುಲಾಗಿ ಮಲಗಿಸಿ, ಸೊಂಟದ ಹಿಂದೆ ಕೈಗೆ ಗಟ್ಟಿಯಾಗಿ ಸಿಗುವ ಮೂಳೆಯ ಉಬ್ಬಿನ ಮೇಲೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯನ್ನು ತಿರುಗಿಸುತ್ತ ಒತ್ತುತ್ತಾರೆ. ಮಜ್ಜೆಯನ್ನು ಸಿರಿಂಜಿನಲ್ಲಿ ಎಳೆಯುವಾಗ ಕಾಲಿನವರೆಗೆ ಚುಳ್ಳೆಂದು ಒಂದು ನೋವು ಹೋಗುತ್ತದೆ, ಕೆಲವೇ ಸೆಕೆಂಡು. ಬಂದ ದ್ರವವನ್ನು ಗಾಜಿಗೆ ಸುರಿದರೆ ರಕ್ತದ ನಡುವೆ ಸಣ್ಣ ಸಣ್ಣ ಹರಳುಹರಳಾದ ಮಜ್ಜೆಯ ಚೂರುಗಳು ಹೊಳೆಯುತ್ತವೆ. ಅವು ಕಂಡರೆ ಮಾದರಿ ಸರಿಯಾಗಿದೆ ಎಂದರ್ಥ. ಬಣ್ಣ ಹಾಕಿ 500 ಕೋಶಗಳನ್ನು ಒಂದೊಂದಾಗಿ ಹಂತವಾರು ಎಣಿಸುತ್ತಾರೆ. ಆರೋಗ್ಯವಂತ ಮಜ್ಜೆಯಲ್ಲಿ ಬ್ಲಾಸ್ಟ್‌ಗಳು ಶೇ 5ಕ್ಕಿಂತ ಕಡಿಮೆ. ಶೇ 20 ಮುಟ್ಟಿದರೆ ಸಾಮಾನ್ಯವಾಗಿ ತೀವ್ರ ಲುಕೇಮಿಯಾ ಎಂದು ಪರಿಗಣಿಸುತ್ತಾರೆ. ಜೊತೆಗೆ ಕ್ರೋಮೋಸೋಮ್ ಮತ್ತು ಜೀನ್ ಪರೀಕ್ಷೆಗಳು ನಡೆಯುತ್ತವೆ.

ಸಿಎಂಎಲ್‌ನ ಕಥೆ ಈಗ ಬಹುಪಾಲು ಸಮಾಧಾನದ್ದು. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳಲ್ಲಿ ಒಂದು ಮೊಟಕು ಕ್ರೋಮೋಸೋಮ್ ಕಂಡರು. ಅದು 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾದದ್ದರ ಫಲ ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಅದಲುಬದಲಿನಿಂದ ಹುಟ್ಟಿದ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು. ಗ್ಲಿವೆಕ್ ಎಂಬ ಹೆಸರಿನ ಈ ಮಾತ್ರೆಗೆ ನೊವಾರ್ಟಿಸ್ ಕಂಪನಿ ಕೇಳಿದ್ದ ಪೇಟೆಂಟನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿದ್ದರಿಂದ ಇಲ್ಲಿನ ಕಂಪನಿಗಳ ಅಗ್ಗದ ಜನರಿಕ್ ಮಾತ್ರೆಗಳಿಗೆ ಅಡ್ಡಿಯಾಗಲಿಲ್ಲ. ದಿನಾ ಮಾತ್ರೆ ನುಂಗಿ ಕೆಲಸಕ್ಕೆ ಹೋಗಿಬರುವ ಸಿಎಂಎಲ್ ರೋಗಿಗಳು ನಮ್ಮ ನಡುವೆಯೇ ಇದ್ದಾರೆ.

ಕಣಗಳನ್ನು ಬೆಳೆಸುವ ಹಾರ್ಮೋನಿನ ಬಗ್ಗೆ ಇನ್ನೊಂದಿಷ್ಟು ಹೇಳಬೇಕು, ಏಕೆಂದರೆ ಬೆಂಗಳೂರಿಗೂ ಅದಕ್ಕೂ ನಂಟಿದೆ. 1966ರಲ್ಲಿ ಮೆಲ್ಬರ್ನ್‌ನ ರೇ ಬ್ರಾಡ್ಲಿ ಮತ್ತು ಡೊನಾಲ್ಡ್ ಮೆಟ್ಕಾಫ್ ಇಲಿಯ ಮಜ್ಜೆಯ ಕೋಶಗಳನ್ನು ಅಗಾರ್‌ನಲ್ಲಿ ಬೆಳೆಸಿದಾಗ ಅವು ಗುಂಪು ಗುಂಪಾಗಿ ಬಿಳಿ ಕಣಗಳಾದವು. ಯಾವುದೋ ಒಂದು ಪದಾರ್ಥ ಅವನ್ನು ಬೆಳೆಸುತ್ತಿತ್ತು. ಆ ಹುಡುಕಾಟದ ಸಾಲಿನಲ್ಲಿ ಸಿಕ್ಕಿದ್ದೇ ಜಿ-ಸಿಎಸ್‌ಎಫ್. ಬ್ಯಾಕ್ಟೀರಿಯದಲ್ಲಿ ತಯಾರಿಸಿದ ಅದರ ಇಂಜೆಕ್ಷನ್ 1991ರಲ್ಲಿ ಬಳಕೆಗೆ ಬಂತು. ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಸೇರಿ ರೂಪಿಸಿದ ಅದರ ದೀರ್ಘಕಾಲ ಉಳಿಯುವ ಬಗೆಗೆ 2018ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ಆ ಔಷಧವನ್ನು ಹೋಲುವಂತೆ ತಯಾರಿಸಿದ ಬಯೋಸಿಮಿಲರ್‌ಗಳಲ್ಲಿ ಅಲ್ಲಿ ಒಪ್ಪಿಗೆ ಪಡೆದದ್ದು ಅದೇ ಮೊದಲು. ಕೀಮೋ ಮುಗಿಸಿ ಬಿಳಿ ಕಣ ಪಾತಾಳಕ್ಕಿಳಿದವರಿಗೆ ಇದನ್ನು ಹೊಟ್ಟೆಯ ಚರ್ಮದಡಿ ಚುಚ್ಚುತ್ತಾರೆ. ಸೊಂಟ, ಎದೆಮೂಳೆ ನೋಯುತ್ತದೆ. ಆಗ ರಕ್ತದಲ್ಲಿ ಎಳೆಯ ಕಣಗಳು ಕಂಡರೆ ಮಜ್ಜೆ ಮಾತು ಕೇಳುತ್ತಿದೆ ಎಂದು ವೈದ್ಯರಿಗೆ ಸಂತೋಷ.

ಊರಿನ ಉತ್ತರಕ್ಕೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮ್‌ದಾರ್ ಮತ್ತು ಸಂಗಡಿಗರು ಅಸ್ರಿಜ್ ಎಂದು ಹೆಸರಿಟ್ಟ ಪ್ರೋಟೀನನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಬಾಳೆಹಣ್ಣಿನ ಸುತ್ತ ಹಾರುವ ಹಣ್ಣುನೊಣಕ್ಕೂ ರಕ್ತಕಣ ತಯಾರಿಸುವ ಗ್ರಂಥಿಯಿದೆ. ಅಸ್ರಿಜ್ ಇಲ್ಲದ ನೊಣದಲ್ಲಿ ಎಳೆಯ ಕಣಗಳು ಎಳೆಯವಾಗಿ ಉಳಿಯದೆ ಹೊತ್ತಿಗೆ ಮುಂಚೆ ಬಲಿತು ಮೂಲದ ದಾಸ್ತಾನೇ ಕರಗುತ್ತದೆ. ಈ ಪ್ರೋಟೀನಿನ ಜೀನ್ ತೆಗೆದ ಇಲಿಗಳಲ್ಲಿ ಆಕರಕೋಶಗಳು ವಿಶ್ರಾಂತಿ ಬಿಟ್ಟು ವಿಭಜಿಸತೊಡಗಿ ಬಿಳಿ ಕಣಗಳ ಅತಿಬೆಳವಣಿಗೆಯ ಕಾಯಿಲೆ ಬಂತು ಎಂದು 2019ರಲ್ಲಿ ಪ್ರಕಟಿಸಿದರು. ಒಂದಷ್ಟು ಕಣಗಳು ಎಳೆಯವಾಗಿಯೇ ಇರುವುದಕ್ಕೂ ದೇಹ ದುಡಿಯಬೇಕಾಗುತ್ತದೆ.

ನಿಂತುಹೋದ ಬೆಳವಣಿಗೆಯನ್ನು ಮತ್ತೆ ಮುಂದಕ್ಕೆ ನಡೆಸಲು ಸಾಧ್ಯವೇ? ಎಎಂಎಲ್‌ನ ಒಂದು ಬಗೆಯಲ್ಲಿ ಸಾಧ್ಯ. ಅದರ ಹೆಸರು ಎಪಿಎಲ್. ಇಲ್ಲಿ ಕಣಗಳು ಸರಿಯಾಗಿ ಪ್ರೋಮೈಲೋಸೈಟ್ ಹಂತಕ್ಕೆ ಬಂದು ನಿಂತುಬಿಡುತ್ತವೆ. ಹರಳುಗಳು ಒತ್ತೊತ್ತಾಗಿ ತುಂಬಿ, ಕೆಲವು ಕಣಗಳಲ್ಲಿ ಸೂಜಿಯಾಕಾರದ ಕಡ್ಡಿಗಳು ಕಂತೆಕಂತೆಯಾಗಿ ಕಾಣುತ್ತವೆ. 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಂಡುಗಳು ಬೆಸೆದು ಹುಟ್ಟಿದ ಒಂದು ಪ್ರೋಟೀನು ಮುಂದಿನ ಜೀನ್‌ಗಳನ್ನು ತೆರೆಯಲು ಬಿಡುವುದಿಲ್ಲ. ಆ ಪ್ರೋಟೀನಿನ ಅರ್ಧ ಭಾಗ ಎ ವಿಟಮಿನ್ ಬಳಗದ ರೆಟಿನಾಯಿಕ್ ಆಮ್ಲದ ಗ್ರಾಹಕ. ಶಾಂಘೈನ ವಾಂಗ್ ಝೆನ್‌ಯಿ 1985ರಲ್ಲಿ ಐದು ವರ್ಷದ ಹುಡುಗಿಯೊಬ್ಬಳಿಗೆ ಆಟ್ರಾ ಎಂಬ ರೆಟಿನಾಯಿಕ್ ಆಮ್ಲವನ್ನು ಕೊಟ್ಟರು, ಅವಳು ಚೇತರಿಸಿಕೊಂಡಳು. 1988ರಲ್ಲಿ ಅವರ ತಂಡ ವರದಿ ಮಾಡಿದ 24 ರೋಗಿಗಳಲ್ಲೂ ರೋಗ ಹಿಮ್ಮೆಟ್ಟಿತ್ತು; ಒಬ್ಬರಿಗೆ ಮಾತ್ರ ಜೊತೆಗೆ ಕೀಮೋ ಬೇಕಾಯಿತು. ಕ್ಯಾನ್ಸರ್ ಕಣಗಳನ್ನು ವಿಷ ಹಾಕಿ ಕೊಂದಿರಲಿಲ್ಲ, ಅವು ಬಲಿತಿದ್ದವು. ಚಿಕಿತ್ಸೆಯ ಮಧ್ಯೆ ತೆಗೆದ ಸ್ಮಿಯರ್‌ಗಳಲ್ಲಿ ಹಾಲೆಹಾಲೆಯಾದ ಕೋಶಕೇಂದ್ರವಿರುವ ನ್ಯೂಟ್ರೋಫಿಲ್‌ನೊಳಗೆ ಆ ಹಳೆಯ ಕಡ್ಡಿಗಳು ಉಳಿದಿರುವುದನ್ನು ಕಾಣಬಹುದು. ಹೀಗೆ ಬಲಿತ ಕಣ ಎಲ್ಲ ನ್ಯೂಟ್ರೋಫಿಲ್‌ಗಳ ಹಾಗೆ ತನ್ನ ಆಯುಸ್ಸು ಮುಗಿಸಿ ಸಾಯುತ್ತದೆ.

ಎಪಿಎಲ್‌ಗೆ ಇನ್ನೊಂದು ಔಷಧವೂ ಇದೆ. ಚೀನಾದ ಹಾರ್ಬಿನ್‌ನಲ್ಲಿ ಸಾಂಪ್ರದಾಯಿಕ ಔಷಧದಿಂದ ಹೆಕ್ಕಿದ ಪಾಷಾಣ, ಆರ್ಸೆನಿಕ್ ಟ್ರೈಆಕ್ಸೈಡ್, ಆ ಬೆಸುಗೆ ಪ್ರೋಟೀನನ್ನೇ ಒಡೆಯುತ್ತದೆ. ಬೆಂಗಳೂರಿನಿಂದ ಅಷ್ಟೇನೂ ದೂರವಿಲ್ಲದ ವೆಲ್ಲೂರಿನ ಸಿಎಂಸಿಯಲ್ಲಿ ವಿಕ್ರಂ ಮ್ಯಾಥ್ಯೂಸ್ ಮತ್ತು ಸಹೋದ್ಯೋಗಿಗಳು ಆರ್ಸೆನಿಕ್ಕನ್ನೇ ಮುಖ್ಯ ಔಷಧವಾಗಿ ಕೊಟ್ಟ 72 ರೋಗಿಗಳ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು: ಶೇ 86ರಷ್ಟು ಜನರಲ್ಲಿ ರೋಗ ಹಿಮ್ಮೆಟ್ಟಿತ್ತು. ದುಬಾರಿ ಕೀಮೋ ಹೊರಲಾಗದ ಮನೆಗಳಿಗೆ ಅದು ದೊಡ್ಡ ಸುದ್ದಿ. 2013ರಲ್ಲಿ ಇಟಲಿ–ಜರ್ಮನಿಯ ಪ್ರಯೋಗವೊಂದರಲ್ಲಿ ಹೆಚ್ಚು ಅಪಾಯದಲ್ಲಿಲ್ಲದ ರೋಗಿಗಳಿಗೆ ಆಟ್ರಾ ಮತ್ತು ಆರ್ಸೆನಿಕ್ ಎರಡನ್ನೇ ಕೊಟ್ಟಾಗ ಎರಡು ವರ್ಷದ ಕೊನೆಗೆ ಶೇ 97ರಷ್ಟು ಜನ ರೋಗ ಮರುಕಳಿಸದೆ ಬದುಕಿದ್ದರು.

ಇಷ್ಟು ಚೆನ್ನಾಗಿ ಗುಣವಾಗುವ ಈ ಕಾಯಿಲೆ ಮೊದಲ ದಿನಗಳಲ್ಲಿ ಮಾತ್ರ ಬಹಳ ಅಪಾಯಕಾರಿ. ಪ್ರೋಮೈಲೋಸೈಟ್‌ಗಳಿಂದ ಹೊರಬೀಳುವ ವಸ್ತುಗಳು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸಿ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ವಸಡಿನ ರಕ್ತ ನಿಲ್ಲದಿರುವುದು, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ ಏಳುವುದು ಇದರ ಮುನ್ಸೂಚನೆಗಳು. ಕ್ರೋಮೋಸೋಮ್ ವರದಿ ಬರಲು ದಿನಗಳು ಬೇಕು. ಆದ್ದರಿಂದ ಸ್ಲೈಡಿನಲ್ಲಿ ಆ ಹರಳು ತುಂಬಿದ ಕಣಗಳು ಕಂಡು ಅನುಮಾನ ಬಂದ ದಿನವೇ, ಖಚಿತವಾಗುವವರೆಗೆ ಕಾಯದೆ, ಆಟ್ರಾ ಮಾತ್ರೆ ಶುರು ಮಾಡುತ್ತಾರೆ. ಅನುಮಾನ ತಪ್ಪೆಂದು ಗೊತ್ತಾದರೆ ಮಾತ್ರೆ ನಿಲ್ಲಿಸಿದರಾಯಿತು.